ಬಾಲ್ಯದ ಬಾಕಿ

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಬೀದಿಗಳಲ್ಲಿ ಬೆಳೆದು ಈಗ ಐವತ್ತರ ಆಸುಪಾಸಿನಲ್ಲಿರುವವರ ಕಿವಿಗೆ ಬೊಜ್ಜು ಒಂದು ಕಾಯಿಲೆಯ ಹೆಸರಾಗಿ ಬಿದ್ದದ್ದು ತೀರಾ ಈಚೆಗೆ. ಎಂಬತ್ತರ ದಶಕದಲ್ಲಿ ಈ ಭಾಗ ಇನ್ನೂ ಮಿಲ್ಲು-ಫ್ಯಾಕ್ಟರಿಗಳ ಊರು. ಬಿನ್ನಿ, ಮಿನರ್ವ ಮಿಲ್ಲುಗಳ ಸೈರನ್ನು, ರಾಜಾಜಿನಗರದ ಕಾರ್ಖಾನೆಗಳ ಶಿಫ್ಟು, ಜ್ವರ ಬಂದರೆ ಇಎಸ್‌ಐ ಆಸ್ಪತ್ರೆಯ ಸಾಲು, ಭಾನುವಾರ ನವರಂಗ್ ಅಥವಾ ವೀರೇಶ್ ಥಿಯೇಟರು. ದಿನಗಳು ಹೀಗೆ ಸಾಗುತ್ತಿದ್ದವು. ಮೂವತ್ತು-ನಲವತ್ತರ ಸೈಟಿನಲ್ಲಿ ಮುಂದೆ ಮಾಲೀಕರು, ಹಿಂದೆ ಸಾಲಾಗಿ ಎರಡು ಮೂರು ಬಾಡಿಗೆ ಮನೆ, ಒಂದೊಂದರಲ್ಲೂ ಏಳೆಂಟು ಜನ. ಊರಿನಿಂದ ಓದಲು ಬಂದ ದೊಡ್ಡಪ್ಪನ ಮಗ, ಕೆಲಸ ಹುಡುಕುತ್ತ ಬಂದ ಸೋದರಮಾವ, ಬಾಣಂತನಕ್ಕೆ ಬಂದ ಅತ್ತೆ, ಎಲ್ಲರಿಗೂ ಅದೇ ನಡುಮನೆಯಲ್ಲಿ ಚಾಪೆ. ಆ ಮನೆಗಳಲ್ಲಿ ಗುಂಡುಗುಂಡಗಿದ್ದ ಮಗುವಿಗೆ ದೃಷ್ಟಿ ತೆಗೆಯುತ್ತಿದ್ದರು. ಸೊಸೆ ಮೈತುಂಬಿಕೊಂಡಿದ್ದರೆ ಬೀಗರಿಗೆ ನೆಮ್ಮದಿ. ಸಣಕಲರನ್ನು ಕಂಡರೇ ಆತಂಕ, ಟಿ.ಬಿ. ಇರಬಹುದೇ ಎಂದು.

ಅದೇ ಮನೆಗಳ ಇನ್ನೊಂದು ನೆನಪೂ ಎಲ್ಲರಿಗಿದೆ, ಹೇಳುವವರು ಮಾತ್ರ ಕಡಿಮೆ. ಜೂನ್ ತಿಂಗಳಲ್ಲಿ ಮಗನನ್ನು ಶಾಲೆಗೆ ಬಿಡಲು ಬಂದ ಅಪ್ಪ ಮೇಷ್ಟರಿಗೆ ಕೈಮುಗಿದು 'ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸಾರ್' ಎನ್ನುತ್ತಿದ್ದ. ಅದು ಮಗನ ಮೇಲಿನ ಕಾಳಜಿ ಎಂದೇ ಎಲ್ಲರೂ ತಿಳಿದಿದ್ದರು. ಕಾಲಿನ ಬಾಸುಂಡೆಯನ್ನು ಮನೆಯಲ್ಲಿ ತೋರಿಸಿದರೆ ಇನ್ನೆರಡು ಬೀಳುತ್ತಿದ್ದವು. ಮಿಲ್ಲು ಲಾಕೌಟ್ ಆಗಿ ಕುಡಿತಕ್ಕೆ ಬಿದ್ದ ಅಪ್ಪ ತಟ್ಟೆಯ ಮುಂದೆ ಕೂತ ಮಕ್ಕಳನ್ನು ಎಬ್ಬಿಸಿ ಅಟ್ಟುವುದು, ತಪ್ಪಿಗೆ ಶಿಕ್ಷೆಯೆಂದು ರಾತ್ರಿಯೂಟ ಕೊಡದಿರುವುದು, ಆಮೇಲೆ ಅಜ್ಜಿ ಅಡುಗೆಮನೆಯ ಕತ್ತಲಿಗೆ ಕರೆದು ಬೆಲ್ಲದ ಉಂಡೆಯೊಂದನ್ನು ಬಾಯಿಗಿಟ್ಟು ಕಣ್ಣೊರೆಸುವುದು, ಇವೆಲ್ಲ ಸಂಸಾರದ ಮಾಮೂಲು ಸಂಗತಿಗಳಾಗಿದ್ದವು. ಆ ನಡುಮನೆಯ ಚಾಪೆಯ ಮೇಲೆ ನಂಬಿದವರೊಬ್ಬರ ಕೈ ಮಗುವಿನ ಮೈಮೇಲೆ ಸಲ್ಲದ ರೀತಿಯಲ್ಲಿ ಬಂದದ್ದಿದ್ದರೆ ಅದು ಅಮ್ಮನ ತನಕ ಹೋಗುತ್ತಿರಲಿಲ್ಲ. ಹೋದರೂ 'ಯಾರ ಹತ್ರಾನೂ ಹೇಳ್ಬೇಡ' ಎಂಬಲ್ಲಿಗೆ ಮುಗಿಯುತ್ತಿತ್ತು. ಆ ಮಕ್ಕಳು ಬೆಳೆದರು, ಓದಿದರು, ಕೆಲಸ ಹಿಡಿದರು, ಇಲ್ಲೇ ಸೈಟು ಕೊಂಡು ಮನೆ ಕಟ್ಟಿದರು. ಅವರಲ್ಲಿ ಕೆಲವರು ಇಂದು ತೂಕದ ಆಪರೇಷನ್ನಿಗೆಂದು ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಕೂತಿದ್ದಾರೆ. ಈ ನಡುವಿನ ನಲವತ್ತು ವರ್ಷದ ಲೆಕ್ಕವನ್ನು ಒಮ್ಮೆ ನೋಡಬೇಕೆನ್ನಿಸಿದ್ದು ಅದಕ್ಕೇ.

ನಾವು ಇಲ್ಲಿ ದೃಷ್ಟಿ ತೆಗೆಯುತ್ತಿದ್ದ ಕಾಲದಲ್ಲೇ, 1985ರ ಸುಮಾರಿಗೆ, ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ವಿಚಿತ್ರವೊಂದನ್ನು ಗಮನಿಸಿದರು. ಕೈಸರ್ ಪರ್ಮನೆಂಟೆ ಎಂಬ ದೊಡ್ಡ ಆರೋಗ್ಯ ಸಂಸ್ಥೆಯಲ್ಲಿ ಅವರು ತೂಕ ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ತೂಕ ಇಳಿಯದೆ ಬೇಸತ್ತು ಬಿಟ್ಟುಹೋಗುವವರ ಮಾತು ಬೇರೆ. ಇಲ್ಲಿ ಚೆನ್ನಾಗಿ ಇಳಿಯುತ್ತಿದ್ದವರೇ ನಡುವೆ ಕಾಣೆಯಾಗುತ್ತಿದ್ದರು. ಹೆಂಗಸೊಬ್ಬರು ಒಂದು ವರ್ಷದೊಳಗೆ ನೂರಿಪ್ಪತ್ತು ಕಿಲೋದಷ್ಟು ಇಳಿದಿದ್ದರು. ಕೆಲಸದ ಜಾಗದಲ್ಲಿ ಗಂಡಸೊಬ್ಬ ಕಣ್ಣು ಹಾಕಿದ್ದೇ ತಡ, ಮೂರು ವಾರದಲ್ಲಿ ಹದಿನೈದು ಕಿಲೋಗೂ ಹೆಚ್ಚು ಮತ್ತೆ ಏರಿಸಿಕೊಂಡುಬಿಟ್ಟರು. ಕೂತು ಮಾತಾಡಿಸಿದಾಗ ಬಾಲ್ಯದಲ್ಲಿ ಮನೆಯೊಳಗೇ ನಡೆದ ಲೈಂಗಿಕ ಶೋಷಣೆಯ ಸಂಗತಿ ಹೊರಬಂತು. ಒಬ್ಬರ ನಂತರ ಒಬ್ಬರನ್ನು ಕೇಳುತ್ತ ಹೋದರೆ ಇಂಥ ಕಥೆಗಳು ಮುಗಿಯಲೇ ಇಲ್ಲ. ದಪ್ಪಗಿದ್ದರೆ ಯಾರ ಕಣ್ಣೂ ತನ್ನ ಮೇಲೆ ಬೀಳುವುದಿಲ್ಲ, ತನಗೆ ಅದೇ ಬೇಕು ಎಂಬರ್ಥದ ಮಾತನ್ನು ಅವರಲ್ಲೊಬ್ಬರು ಹೇಳಿದ್ದು ಆಮೇಲೆ ಜಗತ್ತಿನ ವೈದ್ಯರ ಬಾಯಲ್ಲೆಲ್ಲ ಓಡಾಡಿತು. ವೈದ್ಯರು ಸಮಸ್ಯೆ ಎಂದು ತಿಳಿದದ್ದು ರೋಗಿಯ ಪಾಲಿಗೆ ಪರಿಹಾರವಾಗಿತ್ತು.

ಫೆಲಿಟ್ಟಿಯವರು ಡಾ. ರಾಬರ್ಟ್ ಆಂಡಾ ಅವರ ಜೊತೆಗೂಡಿ 17,000ಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನ ನಡೆಸಿ, 1998ರಲ್ಲಿ ಅದರ ಮೊದಲ ವರದಿ ಪ್ರಕಟಿಸಿದರು. ಬಾಲ್ಯದಲ್ಲಿ ಹೊಡೆತ, ಬೈಗುಳ, ಲೈಂಗಿಕ ಹಿಂಸೆ, ಮನೆಯಲ್ಲಿ ಕುಡಿತ, ಅಮ್ಮನಿಗೆ ಬೀಳುವ ಪೆಟ್ಟು, ಇಂಥವು ನಾಲ್ಕು ಬಗೆ ಅಥವಾ ಹೆಚ್ಚು ಕಂಡವರಲ್ಲಿ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನಗಳು ಹಲವು ಪಟ್ಟು ಹೆಚ್ಚಿದ್ದವು. ಅತಿಬೊಜ್ಜು ಹೆಚ್ಚಿದ್ದದ್ದು ಸುಮಾರು ಒಂದೂವರೆ ಪಟ್ಟು. ಈ ಕೊನೆಯ ಅಂಕಿಯನ್ನು ನೆನಪಿನಲ್ಲಿಡಬೇಕು. ದಪ್ಪಗಿರುವವರೆಲ್ಲ ಗಾಯಗೊಂಡವರಲ್ಲ, ಗಾಯಗೊಂಡವರೆಲ್ಲ ದಪ್ಪವಾಗುವುದೂ ಇಲ್ಲ. ವಂಶ, ನಿದ್ದೆ, ಔಷಧ, ಕೂತು ಮಾಡುವ ಕೆಲಸ, ಕೈಗೆಟುಕುವ ತಿಂಡಿ ಎಲ್ಲದರ ಪಾಲೂ ಬೊಜ್ಜಿನಲ್ಲಿದೆ. ಆದರೆ ತೂಕ ಕೈಮೀರಿ ಆಪರೇಷನ್ನಿನ ಬಾಗಿಲಿಗೆ ಬಂದು ನಿಂತವರಲ್ಲಿ ಈ ಗಾಯ ಎಷ್ಟು ಸಾಮಾನ್ಯ ಎಂಬುದು ಇನ್ನೂ ಕೆಲವು ವರ್ಷಗಳ ನಂತರ ಗೊತ್ತಾಯಿತು. ಅದಕ್ಕೆ ಮುಂದೆ ಬರೋಣ.

ನಮ್ಮಲ್ಲಿ ಮಕ್ಕಳ ಮೇಲಿನ ಹಿಂಸೆಯ ಮಾತು ಬಾಯಿಗೆ ಬಂದದ್ದು ತೊಂಬತ್ತರ ದಶಕದಲ್ಲಿ. ಬೆಂಗಳೂರಿನ ಸಂವಾದ ಸಂಸ್ಥೆ ಆ ದಶಕದ ನಡುವೆ ರಾಜ್ಯದ ಶಾಲಾ-ಕಾಲೇಜುಗಳ 300ಕ್ಕೂ ಹೆಚ್ಚು ಹುಡುಗಿಯರನ್ನು ಮಾತಾಡಿಸಿ, ಅವರಿಗೆ ಲೈಂಗಿಕ ಕಿರುಕುಳ ಕೊಟ್ಟವರಲ್ಲಿ ಮನೆಯವರೂ ನೆಂಟರೂ ಎಷ್ಟಿದ್ದಾರೆಂದು ತೋರಿಸಿಕೊಟ್ಟಿತು. ಅನೇಕರು ಅದನ್ನು ನಂಬಲಿಲ್ಲ, ನಮ್ಮ ಸಂಸ್ಕೃತಿಗೆ ಕಳಂಕ ತರುವ ಕೆಲಸವೆಂದು ಮೂಗು ಮುರಿದರು. 2001ರಲ್ಲಿ ಇಬ್ಬರು ಸ್ತ್ರೀರೋಗ ತಜ್ಞೆಯರು, ಡಾ. ಸಂಗೀತಾ ಸಕ್ಸೇನಾ ಮತ್ತು ಡಾ. ಶೈಬ್ಯಾ ಸಲ್ಡಾನ, ಇದೇ ಊರಿನಲ್ಲಿ ಎನ್‌ಫೋಲ್ಡ್ ಸಂಸ್ಥೆ ಕಟ್ಟಿ, ಮೈಯ ಸುರಕ್ಷತೆಯ ಪಾಠವನ್ನು ತರಗತಿಗಳಿಗೆ ಒಯ್ದರು. 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವೇ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿ ವರದಿ ಕೊಟ್ಟಿತು. ಮೂವರಲ್ಲಿ ಇಬ್ಬರು ಪೆಟ್ಟು ತಿಂದವರು. 100ಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಕಂಡವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ. ಗಂಡುಮಕ್ಕಳೂ ಅಷ್ಟೇ ಪ್ರಮಾಣದಲ್ಲಿ ಇದ್ದರೆಂಬುದನ್ನು ಆಗಲೂ ನಾವು ಗಟ್ಟಿಯಾಗಿ ಹೇಳಲಿಲ್ಲ, ಈಗಲೂ ಹೇಳುತ್ತಿಲ್ಲ.

ಕಾನೂನುಗಳು ಬೇಗ ಬೇಗ ಬಂದವು. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ಘಾಸಿ ಮಾಡುವುದನ್ನೂ ನಿಷೇಧಿಸಿತು. 2012ರ ಮಕ್ಕಳ ದಿನಾಚರಣೆಯಂದೇ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಜಾರಿಗೆ ಬಂತು. 2014ರ ಜುಲೈನಲ್ಲಿ ನಗರದ ಪೂರ್ವ ಭಾಗದ ಶಾಲೆಯೊಂದರ ಲೈಂಗಿಕ ದೌರ್ಜನ್ಯದ ಪ್ರಕರಣ ಹೊರಬಿದ್ದಾಗ ತಂದೆತಾಯಂದಿರು ಬೀದಿಗಿಳಿದದ್ದು, ಆಮೇಲೆ ನಮ್ಮ ಕಡೆಯ ಶಾಲೆಗಳ ಗೇಟಿನಲ್ಲೂ ಸಿಸಿಟಿವಿ, ಬಸ್ಸಿನಲ್ಲಿ ಆಯಾ, ಚಾಲಕರಿಗೆ ಪೊಲೀಸ್ ಪರಿಶೀಲನೆ ಬಂದದ್ದು ಓದುಗರಿಗೆ ನೆನಪಿದೆ. ಇವೆಲ್ಲ ಸಣ್ಣ ಗಳಿಕೆಯಲ್ಲ. ಇಂದಿನ ಮಗು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದೆಂದು ಕನಿಷ್ಠ ಪಠ್ಯಪುಸ್ತಕದ ಹಿಂಬದಿಯಲ್ಲಾದರೂ ಓದುತ್ತದೆ. ಆದರೆ ಈ ಕಾನೂನುಗಳು ಮುಂದಿನ ಮಕ್ಕಳಿಗಾಗಿ ಬಂದಂಥವು. ಅವು ಬರುವ ಹೊತ್ತಿಗೆ ಬೆಳೆದುಬಿಟ್ಟಿದ್ದ ಮಕ್ಕಳಿಗೆ ಏನು ಎಂಬ ಪ್ರಶ್ನೆಯನ್ನು ಯಾವ ಇಲಾಖೆಯೂ ತನ್ನದೆಂದುಕೊಳ್ಳಲಿಲ್ಲ.

ಆ ಮಕ್ಕಳು ಬೆಳೆದ ಕಾಲಕ್ಕೇ ಊಟದ ಚಿತ್ರವೂ ಬದಲಾಯಿತು. ಹಸಿವು ಈ ಭಾಗಕ್ಕೆ ದೂರದ ಸಂಗತಿಯಾಗಿರಲಿಲ್ಲ. 2000ದಲ್ಲಿ ರಾಜಾಜಿನಗರದ ಇಸ್ಕಾನ್ ಗುಡ್ಡದಿಂದ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಬಿಸಿಯೂಟ ಹೊರಟದ್ದು, ಅದೇ ಮುಂದೆ ಅಕ್ಷಯ ಪಾತ್ರೆಯಾಗಿ ಬೆಳೆದದ್ದು, ಎರಡು ವರ್ಷಕ್ಕೆ ಸರ್ಕಾರದ ಅಕ್ಷರ ದಾಸೋಹ ಶುರುವಾದದ್ದು, ಮಧ್ಯಾಹ್ನ ಹಸಿದುಕೊಂಡು ಪಾಠ ಕೇಳುವ ಮಕ್ಕಳು ಇಲ್ಲೇ ಇದ್ದ ಕಾರಣಕ್ಕೆ. ಅದರ ಬೆನ್ನಿಗೇ ಹೊಟ್ಟೆ ತುಂಬಿದ ಮೇಲೂ ತಿನ್ನುವ ಕಾಲ ಬಂತು. ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟು, ಕಾರ್ಖಾನೆಯ ಜಾಗದಲ್ಲಿ ಮಾಲು, ಪ್ರತಿ ತಿರುವಿನಲ್ಲೂ ದರ್ಶಿನಿ, ಅದರ ಪಕ್ಕ ಅಯ್ಯಂಗಾರ್ ಬೇಕರಿ, ಎದುರಿಗೆ ಚಾಟ್ಸ್ ಗಾಡಿ. ದರ್ಶಿನಿಗಳನ್ನು ದೂರುವುದು ಸುಲಭ. ಬರೆಯುತ್ತಿರುವವರೂ ಬೆಳಗಿನ ಖಾಲಿ ದೋಸೆಗೆ ಅಲ್ಲೇ ನಿಲ್ಲುವವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಅಧಿಕ ತೂಕದವರು 2015-16ರಲ್ಲಿ 100ಕ್ಕೆ 23 ಇದ್ದದ್ದು 2019-21ರಲ್ಲಿ 30ಕ್ಕೆ ಏರಿತು. ಗಂಡಸರ ಅಂಕಿಯೂ ಹಿಂದೆ ಬೀಳಲಿಲ್ಲ.

ಆದರೆ ಸಮೀಕ್ಷೆ ಅಳೆಯದ ತಿನ್ನುವಿಕೆಯೊಂದಿದೆ. ರಾತ್ರಿ ಒಂಬತ್ತೂವರೆಗೆ ಬೇಕರಿಯವನು ಶಟರನ್ನು ಅರ್ಧ ಇಳಿಸುವ ಹೊತ್ತಿಗೆ ಒಬ್ಬರು ಬಂದು ಒಂದು ಪೊಟ್ಟಣ ಖಾರಾ ಬಿಸ್ಕತ್ತು, ನಾಲ್ಕು ಆಲೂ ಬನ್ನು, ಅರ್ಧ ಕಿಲೋ ಮೈಸೂರುಪಾಕು ಕಟ್ಟಿಸಿಕೊಳ್ಳುತ್ತಾರೆ. ಮನೆಗೆ ನೆಂಟರು ಬಂದಿದ್ದಾರೆಂದು ಕೇಳದೆಯೇ ಹೇಳುತ್ತಾರೆ. ನೆಂಟರಿರುವುದಿಲ್ಲ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ, ಕವರಿನ ಸದ್ದಾಗದಂತೆ ಹಿಡಿದು, ರುಚಿ ಗೊತ್ತಾಗದಷ್ಟು ಬೇಗ, ಹೊಟ್ಟೆ ನೋಯುವಷ್ಟು ತಿಂದು, ಆಮೇಲೆ ಪೊಟ್ಟಣವನ್ನು ಕಸದ ಬುಟ್ಟಿಯ ತಳಕ್ಕೆ ತುರುಕಿ, ತನ್ನ ಮೇಲೆ ತನಗೇ ಹೇಸಿಗೆ ಬಂದು ಮಲಗುವುದು. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ 1959ರಲ್ಲೇ ಇಂಥ ತಿನ್ನುವಿಕೆಯನ್ನು ವಿವರಿಸಿದ್ದರು. ಪೂರ್ಣ ಪ್ರಮಾಣದ ಕಾಯಿಲೆಯೆಂದು ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿಗೆ ಅದು ಸೇರಿದ್ದು 2013ರಲ್ಲಿ. ನಮ್ಮಲ್ಲಿ ಅದಕ್ಕೆ ಬಾಯಿಚಪಲ ಎನ್ನುತ್ತಾರೆ, ನಾಲಿಗೆ ಮೇಲೆ ಹಿಡಿತವಿಲ್ಲ ಎನ್ನುತ್ತಾರೆ, ಮದುವೆ ಮನೆಯಲ್ಲಿ ಎರಡನೇ ಸಲ ಬಡಿಸುವಾಗ ಬಕಾಸುರ ಎಂದು ನಗುತ್ತಾರೆ. ತಿನ್ನುವವರೂ ಅದನ್ನೇ ನಂಬುತ್ತಾರೆ. ಬಾಲ್ಯದಲ್ಲಿ ಕಷ್ಟ ಕಂಡವರ ಮೈ ಸದಾ ಎಚ್ಚರದಲ್ಲೇ ಇರುತ್ತದೆ. ಸಿಹಿಯೂ ಜಿಡ್ಡೂ ಆ ಎಚ್ಚರವನ್ನು ಒಂದಷ್ಟು ಹೊತ್ತು ಮಂಕು ಮಾಡುತ್ತವೆ. ಅಜ್ಜಿಯ ಬೆಲ್ಲದುಂಡೆ ಮಾಡುತ್ತಿದ್ದದ್ದೂ ಅದನ್ನೇ. ಅಜ್ಜಿಯ ತಪ್ಪಿಲ್ಲ. ಆ ಮನೆಯಲ್ಲಿ ಅವಳ ಕೈಗೆಟುಕುತ್ತಿದ್ದ ಔಷಧ ಅದೊಂದೇ.

ಇಷ್ಟಾದರೂ ಇಂಥ ಕಾಯಿಲೆಗಳು ಪಾಶ್ಚಾತ್ಯರವು, ಅನ್ನ ಪರಬ್ರಹ್ಮ ಎನ್ನುವ ನಮ್ಮಲ್ಲಿಲ್ಲ ಎಂಬ ಮಾತು ಬಹಳ ಕಾಲ ನಡೆಯಿತು. 2012ರಲ್ಲಿ ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರನ್ನೇ ಕೇಳಿ ಒಂದು ಸಮೀಕ್ಷೆ ಪ್ರಕಟಿಸಿದರು. ಉತ್ತರ ಕೊಟ್ಟವರಲ್ಲಿ ಮೂರರಲ್ಲಿ ಎರಡು ಪಾಲು ಜನ ಊಟಕ್ಕೆ ಸಂಬಂಧಿಸಿದ ಮನೋರೋಗವಿದ್ದವರನ್ನು ನೋಡಿದ್ದರು. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಬೊಜ್ಜಿಗೆ ಹೊಸ ಬಾಗಿಲು ತೆರೆದಿತ್ತು.

ವಿಜಯನಗರದ ವಿದ್ಯುತ್ ಕಂಬಗಳ ಮೇಲೆ ತಿಂಗಳಿಗೆ ಇಷ್ಟು ಕಿಲೋ ಇಳಿಸುತ್ತೇವೆಂಬ ಚೀಟಿಗಳು, ಬೆಳಗಿನ ಹೊತ್ತು ಯಾರದೋ ಮನೆಯ ಹಾಲಿನಲ್ಲಿ ಪೌಡರ್ ಕದಡಿ ಕೊಡುವ ಶೇಕುಗಳು, ಸೊಂಟಕ್ಕೆ ಸುತ್ತುವ ನಡುಗುವ ಬೆಲ್ಟುಗಳು, ಇವುಗಳ ಸರದಿ ಮುಗಿಯುವ ಹೊತ್ತಿಗೆ ಬೊಜ್ಜಿನ ಆಪರೇಷನ್ ಊರಿನ ಮಾತಾಯಿತು. ದೇಶದ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘ 2002ರಲ್ಲಿ ಹುಟ್ಟಿತು. 2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಅರುಣ್ ಜೇಟ್ಲಿ ಅಂಥ ಚಿಕಿತ್ಸೆ ಪಡೆದದ್ದು ಪತ್ರಿಕೆಗಳಲ್ಲಿ ಬಂದ ಮೇಲೆ ಅದು ಶ್ರೀಮಂತರ ಖಯಾಲಿ ಎಂಬ ಹೆಸರು ಕಳೆದುಕೊಂಡಿತು. ಕೆಂಗೇರಿಯಿಂದ ಹಿಡಿದು ಕಾರ್ಡ್ ರಸ್ತೆಯವರೆಗೆ ದೊಡ್ಡ ಆಸ್ಪತ್ರೆಗಳು ಎದ್ದವು. ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆಯುವ ಸ್ಲೀವ್, ಹೊಟ್ಟೆಯ ಬಹುಭಾಗವನ್ನು ತಪ್ಪಿಸಿ ಕರುಳಿಗೆ ದಾರಿ ಮಾಡುವ ಬೈಪಾಸ್, ಈ ಪದಗಳು ಗೃಹಿಣಿಯರ ಮಾತಿಗೂ ಬಂದವು.

ಈ ಆಪರೇಷನ್ನು ಒಳ್ಳೆಯದನ್ನು ಮಾಡಿಲ್ಲವೆಂದರೆ ಅನ್ಯಾಯವಾದೀತು. ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದವರು ಮಾತ್ರೆಗೆ ಇಳಿದಿದ್ದಾರೆ, ಕೆಲವರಿಗೆ ಮಾತ್ರೆಯೂ ಬೇಕಾಗಿಲ್ಲ. ರಾತ್ರಿ ಉಸಿರು ಕಟ್ಟಿ ಏಳುತ್ತಿದ್ದವರು ನಿದ್ದೆ ಕಂಡಿದ್ದಾರೆ. ಮಂಡಿ ನೋವಿಗೆ ಮೊದಲ ಮಹಡಿಯನ್ನೇ ಮರೆತಿದ್ದವರು ಮೆಟ್ಟಿಲು ಹತ್ತಿದ್ದಾರೆ. ಸ್ವೀಡನ್ನಿನಲ್ಲಿ 1987ರಿಂದ ನಡೆದ ದೀರ್ಘ ಅಧ್ಯಯನ, ಆಪರೇಷನ್ ಮಾಡಿಸಿಕೊಂಡವರಲ್ಲಿ ಒಟ್ಟು ಸಾವು ಕಡಿಮೆಯಾದದ್ದನ್ನು 2007ರಲ್ಲಿ ತೋರಿಸಿತು. ದಪ್ಪಗಿರುವವರನ್ನು ಸೋಮಾರಿಗಳೆಂದು ಜರೆಯುತ್ತಿದ್ದ ಸಮಾಜದಲ್ಲಿ, ಇದು ಕಾಯಿಲೆ, ಇದಕ್ಕೆ ಚಿಕಿತ್ಸೆಯಿದೆ ಎಂದು ಒಬ್ಬ ಸರ್ಜನ್ ಕೂರಿಸಿಕೊಂಡು ಹೇಳಿದ್ದೇ ಅನೇಕರ ಪಾಲಿಗೆ ಮೊದಲ ಮರ್ಯಾದೆಯ ಮಾತು.

ಆದರೆ ಇಂಥ ಚಿಕಿತ್ಸೆಯೆಂದರೆ ಭಯ ಹುಟ್ಟಿಸಿದ 2022ರ ಮೇ ತಿಂಗಳನ್ನು ಈ ಭಾಗದವರು ಮರೆತಿರಲಾರರು. ಕಿರುತೆರೆ ನಟಿ ಚೇತನಾ ರಾಜ್, 21ರ ಹುಡುಗಿ, ಕೊಬ್ಬು ತೆಗೆಸಿಕೊಳ್ಳಲು ರಾಜಾಜಿನಗರದ ಖಾಸಗಿ ಕ್ಲಿನಿಕ್ಕೊಂದಕ್ಕೆ ಹೋಗಿ ಜೀವ ಕಳೆದುಕೊಂಡರು. ಹೆತ್ತವರು ದೂರು ಕೊಟ್ಟರು. ಕ್ಲಿನಿಕ್ಕಿಗೆ ಯಾವ ಪರವಾನಗಿಯಿತ್ತು, ತುರ್ತು ನಿಗಾ ಘಟಕವಿತ್ತೇ ಎಂಬ ಪ್ರಶ್ನೆಗಳು ವಾರಗಟ್ಟಲೆ ವಾಹಿನಿಗಳಲ್ಲಿ ಓಡಿದವು. ಅದು ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆ. ಹೊಟ್ಟೆಯನ್ನು ಕಿರಿದಾಗಿಸುವ ಆಪರೇಷನ್ನಿಗೂ ಅದಕ್ಕೂ ಸಂಬಂಧವಿಲ್ಲ. ಎರಡನ್ನೂ ಒಂದೇ ಎಂದು ಬಗೆದು ಎಷ್ಟೋ ಜನ ಬೇಕಾದ ಚಿಕಿತ್ಸೆಗೂ ಹೆದರಿದರು. ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ದಿನಗಳಲ್ಲಿ ನಡೆದ ಚರ್ಚೆಯೆಲ್ಲ ಕ್ಲಿನಿಕ್ಕಿನ ಸಲಕರಣೆಗಳ ಸುತ್ತಲೇ ನಿಂತಿತು. ಇಪ್ಪತ್ತೊಂದರ ಮೈಯನ್ನು ಸಾಲದು ಎನ್ನುವ ಕಣ್ಣುಗಳ ಮಾತು ಒಂದೆರಡು ದಿನ ಬಂದು ಹೋಯಿತು.

ಇನ್ನು ಆಪರೇಷನ್ನಿಗೆ ಬರುವವರ ಬಾಲ್ಯದ ವಿಚಾರ. 2005ರಲ್ಲಿ ಯೇಲ್ ವಿಶ್ವವಿದ್ಯಾಲಯದ ಕಾರ್ಲೊಸ್ ಗ್ರಿಲೊ ಮತ್ತು ಸಂಗಡಿಗರು ಬೈಪಾಸ್‌ಗೆ ಕಾದಿದ್ದ 340 ಮಂದಿಯನ್ನು ಕೇಳಿದಾಗ 100ಕ್ಕೆ 69 ಜನ ಬಾಲ್ಯದಲ್ಲಿ ಒಂದಲ್ಲ ಒಂದು ಬಗೆಯ ಹಿಂಸೆ ಅಥವಾ ನಿರ್ಲಕ್ಷ್ಯ ಕಂಡದ್ದನ್ನು ಹೇಳಿದರು. ಪಿಟ್ಸ್‌ಬರ್ಗಿನ ಇನ್ನೊಂದು ಅಧ್ಯಯನದಲ್ಲೂ ಸುಮಾರು ಅಷ್ಟೇ. ಯೇಲ್ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಮೈಮೇಲಿನ ಪೆಟ್ಟಲ್ಲ. ಹೀಯಾಳಿಕೆ ಮತ್ತು ಪ್ರೀತಿಯಿಲ್ಲದೆ ಬೆಳೆದದ್ದು. ಡುಮ್ಮಿ, ಡ್ರಮ್ಮು, ನಿನಗೆ ಗಂಡು ಸಿಗುತ್ತಾ ಎಂದು ಹತ್ತು ವರ್ಷದ ಮಗುವಿಗೆ ನೆಂಟರೆದುರು ಹೇಳುವುದನ್ನು ತಮಾಷೆಯೆಂದೇ ಭಾವಿಸುವ ನಮ್ಮ ಮನೆಗಳು ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅದೇ ತಂಡ ಮರುವರ್ಷ ಇನ್ನೊಂದು ಸಂಗತಿ ಹೇಳಿತು: ಬಾಲ್ಯದಲ್ಲಿ ನೊಂದವರ ತೂಕವೂ ಆಪರೇಷನ್ನಾದ ಒಂದು ವರ್ಷದಲ್ಲಿ ಉಳಿದವರಷ್ಟೇ ಇಳಿಯಿತು, ಆದರೆ ಅವರಲ್ಲಿ ಖಿನ್ನತೆ ಹೆಚ್ಚಾಗಿ ಉಳಿದಿತ್ತು. ಹಾಗಾಗಿ ಬಾಲ್ಯದ ಗಾಯ ಆಪರೇಷನ್ನಿಗೆ ಅನರ್ಹತೆಯಲ್ಲ. ಹೊಟ್ಟೆ ಚಿಕ್ಕದಾದ ಮೇಲೆ ಅವರ ಜೊತೆ ಯಾರಿರಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ.

ಯಾರಾದರೂ ಇರಬೇಕಾದದ್ದು ಏಕೆಂದರೆ, ಚಿಕ್ಕದಾದ ಹೊಟ್ಟೆ ಹಳೆಯ ಸಾಂತ್ವನವನ್ನು ಕಿತ್ತುಕೊಳ್ಳುತ್ತದೆ. ಒಂದೇ ಸಲ ತಿನ್ನಲಾಗದವರು ದಿನವಿಡೀ ಚೂರುಚೂರೇ ಮೆಲ್ಲತೊಡಗುತ್ತಾರೆ. ಬೈಪಾಸ್ ಆದವರಿಗೆ ಸಿಹಿ ತಿಂದರೆ ಎದೆ ಹೊಡೆದುಕೊಂಡು ಬೆವರುತ್ತದೆ. ಮದ್ಯ ಮಾತ್ರ ಮೊದಲಿಗಿಂತ ಬೇಗ ಏರುತ್ತದೆ. ಬೈಪಾಸಿನ ನಂತರದ ಎರಡನೇ ವರ್ಷದಲ್ಲಿ ಕುಡಿತದ ತೊಂದರೆ ಹೆಚ್ಚುವುದನ್ನು ಅಮೆರಿಕದ ದೊಡ್ಡ ಅಧ್ಯಯನವೊಂದು 2012ರಲ್ಲಿ ತೋರಿಸಿತು. ಒಟ್ಟು ಸಾವು ಕಡಿಮೆ ಮಾಡಿದ ಅದೇ ಸ್ವೀಡನ್ನಿನ ಅಧ್ಯಯನದಲ್ಲಿ ಆತ್ಮಹತ್ಯೆ ಮತ್ತು ತನಗೆ ತಾನೇ ಹಾನಿ ಮಾಡಿಕೊಳ್ಳುವುದು ಹೆಚ್ಚಿದ್ದದ್ದೂ ಆಮೇಲೆ ಕಂಡುಬಂತು. ಮೈ ಇಳಿದು, ಬೀದಿಯಲ್ಲಿ ಜನ ತಿರುಗಿ ನೋಡತೊಡಗಿದಾಗ ಖುಷಿಗಿಂತ ಭಯವೇ ಹೆಚ್ಚಾಗುವ ಹೆಂಗಸರಿದ್ದಾರೆ. ಫೆಲಿಟ್ಟಿಯವರ ಚಿಕಿತ್ಸಾಲಯದಲ್ಲಿ ಆದದ್ದು ಅದೇ.

ಮನಸ್ಸಿನ ಈ ಪಾಡನ್ನು ನೋಡಿಕೊಳ್ಳುತ್ತೇವೆಂಬ ವಾಗ್ದಾನ ಮೊದಲ ದಿನದಿಂದ ಇತ್ತು. ಜಗತ್ತಿನ ಆಸ್ಪತ್ರೆಗಳೆಲ್ಲ ದಶಕಗಳ ಕಾಲ ಅನುಸರಿಸಿದ 1991ರ ಅಮೆರಿಕದ ಒಮ್ಮತದ ಹೇಳಿಕೆ, ಎತ್ತರಕ್ಕೆ ಹೋಲಿಸಿದ ತೂಕದ ಅಳತೆಯಾದ ಬಿಎಂಐ 40 ಅಥವಾ ಕಾಯಿಲೆಗಳಿದ್ದರೆ 35 ಎಂದು ಗೆರೆ ಎಳೆದಾಗಲೇ, ಸರ್ಜನ್, ವೈದ್ಯರು, ಆಹಾರ ತಜ್ಞರ ಜೊತೆ ಮನೋವೈದ್ಯರೂ ಇರುವ ತಂಡ ರೋಗಿಯನ್ನು ನೋಡಬೇಕೆಂದು ಬರೆದಿತ್ತು. ಬಿಎಂಐ ಗೆರೆಯ ಮೇಲೆ ಮೂವತ್ತು ವರ್ಷ ಚರ್ಚೆ ನಡೆದು, 2022ರಲ್ಲಿ ಅಂತರರಾಷ್ಟ್ರೀಯ ಸಂಘಗಳು ಅದನ್ನು 35ಕ್ಕೂ 30ಕ್ಕೂ ಇಳಿಸಿದವು, ಏಷ್ಯಾದವರಿಗೆ ಇನ್ನೂ ಕೆಳಗೆ. ಮನೋವೈದ್ಯರ ಮಾತು ಕಾಗದದಲ್ಲಿ ಹಾಗೇ ಉಳಿಯಿತು. ಬಳಕೆಯಲ್ಲಿ ಅದಕ್ಕೆ ಸೈಕಿಯಾಟ್ರಿ ಫಿಟ್‌ನೆಸ್ ಎಂದು ಹೆಸರಾಯಿತು, ಇಸಿಜಿ, ಎಂಡೋಸ್ಕೋಪಿಗಳ ಪಟ್ಟಿಯಲ್ಲಿ ಇನ್ನೊಂದು ಸಾಲಾಗಿ. ಆಪರೇಷನ್ನಿನ ಹಿಂದಿನ ದಿನ, ಕೆಲವೊಮ್ಮೆ ಅಡ್ಮಿಟ್ ಆದ ಮೇಲೆ, ಕೌನ್ಸೆಲರ್ ಬರುತ್ತಾರೆ. ಇಂಗ್ಲಿಷಿನ ಅರ್ಜಿ, ಕನ್ನಡದಲ್ಲಿ ಅವಸರದ ವಿವರಣೆ. ಮಂಚದ ಪಕ್ಕ ಗಂಡ, ಕುರ್ಚಿಯಲ್ಲಿ ಅತ್ತೆ, ಬಾಗಿಲಲ್ಲಿ ನರ್ಸು. ನಿದ್ದೆ ಚೆನ್ನಾಗಿ ಬರುತ್ತಾ, ಕುಡಿತವಿದೆಯಾ, ಆಪರೇಷನ್ನಿನ ಅಪಾಯ ಗೊತ್ತಾ, ಎಂದೆಲ್ಲ ಕೇಳಿ ಸಹಿ ಬೀಳುತ್ತದೆ. ಚಿಕ್ಕಂದಿನಲ್ಲಿ ಮನೆ ಹೇಗಿತ್ತಮ್ಮ ಎಂದು ಆ ಕೋಣೆಯಲ್ಲಿ ಕೇಳುವುದಾದರೂ ಹೇಗೆ? ಕೇಳಿದರೂ ಅಷ್ಟು ಜನರ ಮುಂದೆ ಅವರು ಹೇಳುವರೇ? ಎಲ್ಲ ಆಸ್ಪತ್ರೆಯೂ ಹೀಗಿಲ್ಲ. ರೋಗಿಯನ್ನು ಒಬ್ಬರೇ ಕೂರಿಸಿಕೊಂಡು, ತಿಂಗಳುಗಟ್ಟಲೆ ಮೊದಲೇ ಮಾತಾಡಿಸಿ, ಆಪರೇಷನ್ನಾದ ವರ್ಷದ ನಂತರವೂ ಕರೆಸುವ ಮನೋವೈದ್ಯರೂ ಆಪ್ತಸಲಹೆಗಾರರೂ ಈ ನಗರದಲ್ಲಿದ್ದಾರೆ. ಅವರು ಸಿಗುವುದು ಕೇಳಿ ಪಡೆಯಬಲ್ಲವರಿಗೆ.

ದುಡ್ಡಿನ ನಿಯಮಗಳೂ ದೇಹ-ಮನಸ್ಸನ್ನು ಬೇರೆಬೇರೆ ಕಡತದಲ್ಲೇ ಇಟ್ಟವು. 2018ರಲ್ಲಿ ಜಾರಿಯಾದ ಮಾನಸಿಕ ಆರೋಗ್ಯ ಕಾಯ್ದೆ, ಮೈಯ ಕಾಯಿಲೆಗೆ ಸಿಗುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಸಿಗಬೇಕೆಂದಿತು. ಆದರೆ 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಬೊಜ್ಜಿನ ಆಪರೇಷನ್ನಿಗೆ ವಿಮೆ ಯಾವಾಗ ಅನ್ವಯಿಸುತ್ತದೆಂದು ಒಂದೇ ಸಮನಾದ ಷರತ್ತು ಬರೆಯಿತು: 18 ತುಂಬಿರಬೇಕು, ವೈದ್ಯರ ಸಲಹೆಯಿರಬೇಕು, ಬಿಎಂಐ 40 ಅಥವಾ ಗಂಭೀರ ಕಾಯಿಲೆಗಳಿದ್ದು 35 ಇರಬೇಕು. ಮನಸ್ಸಿನ ತಪಾಸಣೆ ಅದರಲ್ಲಿ ಬರುವುದಿಲ್ಲ. ಹಾಗಾಗಿ ಲಕ್ಷಗಟ್ಟಲೆ ಖರ್ಚಿನ ಆಪರೇಷನ್ನಿಗೆ ವಿಮೆ ಕೊಡುವ ಕಂಪನಿಗೆ, ಅದರ ನಂತರ ವಾರಕ್ಕೊಮ್ಮೆ ಕೂತು ಮಾತಾಡುವ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. 2022ರ ಅಕ್ಟೋಬರಿನಿಂದ ನಿಮ್ಹಾನ್ಸ್‌ನ ನೇತೃತ್ವದಲ್ಲಿ ಟೆಲಿ-ಮಾನಸ್ ಸಹಾಯವಾಣಿ ನಡೆಯುತ್ತಿದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ತೂಕದ ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿಯ ಕೆಳಗೆ ಪ್ರೋಟೀನ್ ಪೌಡರಿನ ಹೆಸರಿನ ಜೊತೆ ಈ ಐದು ಅಂಕಿಗಳನ್ನು ಅಚ್ಚು ಹಾಕಲು ಯಾವ ಕಾನೂನೂ ಬೇಕಾಗಿಲ್ಲ.

ಈಗ ಆಪರೇಷನ್ನಿನ ಕಾಲವೇ ಹಿಂದೆ ಸರಿಯುತ್ತಿರುವಂತಿದೆ. ತೂಕ ಇಳಿಸುವ ಚುಚ್ಚುಮದ್ದುಗಳಾದ ಮೌಂಜಾರೊ 2025ರ ಮಾರ್ಚಿನಲ್ಲಿ, ವೆಗೊವಿ ಜೂನಿನಲ್ಲಿ ದೇಶದ ಮಾರುಕಟ್ಟೆಗೆ ಬಂದವು. ವೆಗೊವಿಯ ಮೂಲ ಔಷಧವಾದ ಸೆಮಗ್ಲುಟೈಡ್‌ನ ಪೇಟೆಂಟಿನ ಅವಧಿ 2026ರ ಮಾರ್ಚಿಗೆ ಮುಗಿಯುವುದರೊಂದಿಗೆ ದೇಶಿ ಕಂಪನಿಗಳ ಅಗ್ಗದ ಚುಚ್ಚುಮದ್ದಿಗೂ ದಾರಿಯಾಗಿದೆ. ವಾರಕ್ಕೊಂದು ಸೂಜಿ ಹಸಿವನ್ನೂ ತಿನ್ನುವ ತವಕವನ್ನೂ ತಗ್ಗಿಸುತ್ತದೆ, ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ. ಮದುವೆಗೆ ಮೂರು ತಿಂಗಳಿದೆ ಎನ್ನುವವರಿಂದ ಹಿಡಿದು, ಇಪ್ಪತ್ತು ವರ್ಷ ಡಯಟ್ ಮಾಡಿ ಸೋತವರವರೆಗೆ ಎಲ್ಲರೂ ಅದರ ಬೆಲೆ ವಿಚಾರಿಸುತ್ತಿದ್ದಾರೆ. ಚೀಟಿ ಬರೆಯುವ ವೈದ್ಯರು ಸಕ್ಕರೆ, ಥೈರಾಯ್ಡ್, ಮೇದೋಜೀರಕ ಗ್ರಂಥಿಯ ವಿಚಾರ ಕೇಳುತ್ತಾರೆ, ಕೇಳಲೇಬೇಕು. ಆಪರೇಷನ್ನಿಗೆ ಮುಂಚೆ, ಹೆಸರಿಗಾದರೂ ಸರಿ, ಒಬ್ಬ ಮನೋವೈದ್ಯರ ಸಹಿ ಬೇಕಾಗುತ್ತಿತ್ತು. ಚುಚ್ಚುಮದ್ದಿಗೆ ಅದೂ ಬೇಕಿಲ್ಲ.